ಅಂಕದ ಲೆಕ್ಕ ಕೇಳಿದರೆ ಗುರುದ್ರೋಹವೇ?

ಗುರುವಂದನೆಗಳ ಕಾಲವಿದು. ಮಂಡ್ಯ ಜಿಲ್ಲೆಯ ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರದ ಕಡೆಯ ಪ್ರೌಢಶಾಲೆಗಳ ಅಂಗಳದಲ್ಲಿ ಇಂಥ ಸಮಾರಂಭ ಈಗ ಅಪರೂಪವೇನಲ್ಲ. ಇಪ್ಪತ್ತು ಮೂವತ್ತು ವರ್ಷದ ಹಿಂದೆ ಎಸ್ಸೆಸ್ಸೆಲ್ಸಿ ಮುಗಿಸಿದ ಬ್ಯಾಚಿನವರು ವಾಟ್ಸ್ಆ್ಯಪ್ ಗುಂಪು ಕಟ್ಟಿ, ಚಂದಾ ಎತ್ತಿ, ಶಾಮಿಯಾನ ಹಾಕಿಸಿ, ನಿವೃತ್ತ ಮೇಷ್ಟರನ್ನು ಕರೆತಂದು ಪೇಟ ತೊಡಿಸಿ, ಶಾಲು ಹೊದಿಸಿ ಕಾಲಿಗೆರಗುತ್ತಾರೆ. ಕಲಿಸಿದವರನ್ನು ನೆನೆಯುವ ಊರು ಒಳ್ಳೆಯ ಊರೇ. ಅದರ ಬಗ್ಗೆ ತಕರಾರಿಲ್ಲ. ತಕರಾರಿರುವುದು ಅಲ್ಲಿನ ಭಾಷಣಗಳ ಬಗ್ಗೆ. ಅವತ್ತು ಬಾರಿಸಿದ್ದಕ್ಕೇ ಇವತ್ತು ಹೀಗಿದ್ದೇವೆ ಎಂಬ ಮಾತು ಒಬ್ಬರಲ್ಲ ಒಬ್ಬರ ಬಾಯಲ್ಲಿ ಬಂದೇ ಬರುತ್ತದೆ. ಜೊತೆಗೆ ಇನ್ನೊಂದು ಬಗೆಯ ನೆನಪು ತಮಾಷೆಯ ವೇಷದಲ್ಲಿ ಬರುತ್ತದೆ: ಸರಿಯಾಗಿದ್ದ ಲೆಕ್ಕಕ್ಕೆ ಸೊನ್ನೆ ಬಿದ್ದದ್ದು, ಒಂದೇ ಉತ್ತರ ಬರೆದ ಇಬ್ಬರಲ್ಲಿ ಒಬ್ಬನಿಗೆ ಎಂಟು ಇನ್ನೊಬ್ಬನಿಗೆ ಮೂರು ಬಂದದ್ದು, ಟ್ಯೂಷನ್ನಿಗೆ ಹೋಗದವರ ಅಂಕ ಇಳಿದದ್ದು. ಸಭೆ ನಗುತ್ತದೆ, ಮೇಷ್ಟರೂ ನಗುತ್ತಾರೆ, ಅಲ್ಲಿಗೆ ಅದು ಮುಗಿಯಿತು. ಹಾಗೆ ನಗಲಾರದವರು ಆ ಶಾಮಿಯಾನದ ಕೆಳಗೆ ಇರುವುದೇ ಕಡಿಮೆ ಎಂಬುದನ್ನು ಯಾರೂ ಎಣಿಸುವುದಿಲ್ಲ. ಫೇಲಾದವರು, ಒಂಬತ್ತರಲ್ಲೇ ಶಾಲೆ ಬಿಟ್ಟವರು ಬ್ಯಾಚಿನ ಪಟ್ಟಿಗೇ ಸೇರುವುದಿಲ್ಲ. ಗೆದ್ದವರನ್ನಷ್ಟೇ ಕೂಡಿಸಿ ಆಟದ ನಿಯಮ ಸರಿಯಿತ್ತೇ ಎಂದು ಕೇಳಿದರೆ ಬರುವ ಉತ್ತರ ಎಂಥದೆಂದು ಊಹಿಸುವುದು ಕಷ್ಟವಲ್ಲ.

ನಾನು ಇಲ್ಲಿ ಎದುರಿಸಲು ಹೊರಟಿರುವುದು ಆ ನಗುವಿನ ಹಿಂದಿರುವ ಅಭಿಪ್ರಾಯವನ್ನು. ಬಾಲ್ಯದಲ್ಲಿ ಸಿಕ್ಕ ಅನ್ಯಾಯದ ಅಂಕಗಳ ನೆನಪು ಹುಡುಗಾಟಿಕೆಯ ಮುನಿಸು, ಬೆಳೆದವರು ಅದನ್ನು ಮರೆಯಬೇಕು, ಮರೆಯದವರು ಗುರುವಿಗೆ ಎರಡು ಬಗೆದವರು ಎಂಬುದು ಆ ಅಭಿಪ್ರಾಯ. ಇದಕ್ಕೆ ಬೆಂಬಲವಾಗಿ ಅಂಕವೇ ಬದುಕಲ್ಲ ಎಂಬ ಮಾತನ್ನು ತರುತ್ತಾರೆ. ಈ ಮಾತು ಯಾವಾಗ ಹೊರಬೀಳುತ್ತದೆಂದು ಗಮನಿಸಿ. ಫಲಿತಾಂಶದ ಮರುದಿನ ಬಸ್ ನಿಲ್ದಾಣದ ಎದುರು ಮಕ್ಕಳ ಫೋಟೊ, ಶೇಕಡಾವಾರು ಹಾಕಿದ ಫ್ಲೆಕ್ಸ್ ಕಟ್ಟುವಾಗ ಯಾರೂ ಇದನ್ನು ಹೇಳುವುದಿಲ್ಲ. ಪಿಯುಸಿಯಲ್ಲಿ ಸೈನ್ಸ್ ಕೊಡಬೇಕೋ ಆರ್ಟ್ಸ್ ಕೊಡಬೇಕೋ ತೀರ್ಮಾನಿಸುವಾಗ, ಜಾತಿ ಸಂಘದವರು ಪ್ರತಿಭಾ ಪುರಸ್ಕಾರಕ್ಕೆ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಕೇಳುವಾಗ ಇದು ನೆನಪಾಗುವುದಿಲ್ಲ. ಅಂಕ ಹೇಗೆ ಕೊಟ್ಟಿರಿ ಎಂದು ಯಾರಾದರೂ ಕೇಳಿದಾಗ ಮಾತ್ರ ಅದು ತಟ್ಟನೆ ಕ್ಷುಲ್ಲಕ ವಸ್ತುವಾಗುತ್ತದೆ. ಅಂಕದ ಮೇಲೆ ಇಷ್ಟೆಲ್ಲ ಕಟ್ಟಿದ ಸಮಾಜ ಅದರ ಲೆಕ್ಕ ಕೇಳಿದವನಿಗೆ ಅಂಕದಲ್ಲೇನಿದೆ ಎನ್ನುವುದು ವೈರಾಗ್ಯವಲ್ಲ, ನುಣುಚಿಕೊಳ್ಳುವಿಕೆ.

ನೆನಪು ನಂಬಲರ್ಹವಲ್ಲ ಎಂಬುದು ಮೊದಲ ಆಕ್ಷೇಪ. ಅದರಲ್ಲಿ ಹುರುಳಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾರಿ ಬಾಹ್ರಿಕ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನೇರವಾಗಿ ಈ ವಿಷಯದ್ದೇ. 99 ಕಾಲೇಜು ವಿದ್ಯಾರ್ಥಿಗಳು ಹೈಸ್ಕೂಲಿನಲ್ಲಿ ತಮಗೆ ಬಂದಿದ್ದ ಗ್ರೇಡುಗಳನ್ನು ನೆನಪಿನಿಂದ ಹೇಳಿದರು. ಅಂಥ 3,220 ಗ್ರೇಡುಗಳನ್ನು ಶಾಲೆಯ ದಾಖಲೆಯೊಂದಿಗೆ ತಾಳೆ ನೋಡಲಾಯಿತು. ಅತ್ಯುತ್ತಮ ಗ್ರೇಡುಗಳಲ್ಲಿ ನೂರಕ್ಕೆ 89ನ್ನು ಸರಿಯಾಗಿ ಹೇಳಿದ್ದರು. ತೀರ ಕೆಳಗಿನ ಡಿ ಗ್ರೇಡುಗಳಲ್ಲಿ ಸರಿ ಹೇಳಿದ್ದು ನೂರಕ್ಕೆ 29 ಮಾತ್ರ. ತಪ್ಪಿದ ಕಡೆ ಬಹುತೇಕ ತಮ್ಮ ಗ್ರೇಡನ್ನು ಏರಿಸಿಯೇ ಹೇಳಿದ್ದರು. ಎಂದಮೇಲೆ ನನಗೆ ಹೆಚ್ಚು ಬರಬೇಕಿತ್ತು ಎಂಬ ಒಬ್ಬನ ಮಾತನ್ನೇ ಹಿಡಿದು ಒಬ್ಬ ಮೇಷ್ಟರಿಗೆ ದೋಷ ಹೊರಿಸುವಂತಿಲ್ಲ. ಒಪ್ಪೋಣ. ಆದರೆ ಇದೇ ಅಧ್ಯಯನ ಇನ್ನೊಂದನ್ನೂ ಹೇಳುತ್ತದೆ: ಕಡಿಮೆ ಅಂಕವನ್ನು ಮರೆಯುವುದು, ತೇಪೆ ಹಚ್ಚುವುದು ಮನಸ್ಸಿನ ಸಹಜ ಒಲವು. ಹೀಗಿರುವಾಗ ಐವತ್ತು ದಾಟಿದ ಮನುಷ್ಯ ಏಳನೇ ತರಗತಿಯ ಒಂದು ಪ್ರಶ್ನೆ, ಅದಕ್ಕೆ ತಾನು ಬರೆದ ಉತ್ತರ, ಅದರ ಮೇಲೆ ಬಿದ್ದ ಕೆಂಪು ಗೀಟು ಇವನ್ನೆಲ್ಲ ಇಟ್ಟುಕೊಂಡಿದ್ದಾನೆಂದರೆ ಅಲ್ಲಿ ಉಳಿದಿರುವುದು ಅಂಕವಲ್ಲ, ಉತ್ತರ ಸಿಗದ ಒಂದು ಪ್ರಶ್ನೆ. ಯಾಕೆ ಎಂದು ಅವನಿಗೆ ಯಾರೂ ಹೇಳಲಿಲ್ಲ. ಇನ್ನು ನೆನಪಿಗಿಂತ ಗಟ್ಟಿಯಾದ ಸಾಕ್ಷಿ ಬೇಕೆನ್ನುವವರು ಆ ಸಾಕ್ಷಿ ಯಾರ ಕೈಯಲ್ಲಿತ್ತೆಂದೂ ಹೇಳಬೇಕು. ಉತ್ತರಪತ್ರಿಕೆ ಶಾಲೆಯ ಬೀರುವಿನಲ್ಲಿತ್ತು, ಆಮೇಲೆ ರದ್ದಿಗೆ ಹೋಯಿತು. ಯಾವ ಹಂತಕ್ಕೆ ಎಷ್ಟು ಅಂಕ ಎಂದು ಮಗುವಿಗೆ ಬರೆದು ಕೊಡುವ ಪದ್ಧತಿ ಇರಲೇ ಇಲ್ಲ. ಕಾಗದ ಉಳಿಸದವರೇ ಕಾಗದ ತೋರಿಸು ಎನ್ನುವುದು ಯಾವ ನ್ಯಾಯ?

ಮೇಷ್ಟರ ಕಣ್ಣಿಗೆ ಉತ್ತರದ ಬೆಲೆ ಸರಿಯಾಗಿಯೇ ಕಾಣುತ್ತದೆ, ಮಗುವಿಗೆ ಕಾಣುವುದಿಲ್ಲ ಎಂಬ ನಂಬಿಕೆಯನ್ನು ನೂರು ವರ್ಷದ ಹಿಂದೆಯೇ ಪರೀಕ್ಷೆಗೆ ಒಡ್ಡಿದ್ದಾರೆ. 1912ರಲ್ಲಿ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬುವರು ಇಂಗ್ಲಿಷಿನ ಎರಡು ಉತ್ತರಪತ್ರಿಕೆಗಳ ಪ್ರತಿಗಳನ್ನು ಅಮೆರಿಕದ ಹಲವು ಶಾಲೆಗಳಿಗೆ ಕಳಿಸಿ ಅಂಕ ಹಾಕಿಸಿದರು. 142 ಶಿಕ್ಷಕರಿಂದ ಬಂದ ಅಂಕ ಒಂದು ಪತ್ರಿಕೆಗೆ 64ರಿಂದ 98ರವರೆಗೆ, ಇನ್ನೊಂದಕ್ಕೆ 50ರಿಂದ 97ರವರೆಗೆ ಹರಡಿತ್ತು. ಭಾಷೆಯ ಪತ್ರಿಕೆಯಲ್ಲಿ ಹೀಗಾಗುವುದು ಸಹಜ, ಗಣಿತದಲ್ಲಿ ಆಗದು ಎಂದರು ಕೆಲವರು. ಮರುವರ್ಷ ರೇಖಾಗಣಿತದ ಪತ್ರಿಕೆ ಕಳಿಸಿದಾಗ ಅಂತರ ಇನ್ನೂ ಹಿಗ್ಗಿತು: ಕೆಳಗೆ 28, ಮೇಲೆ 90 ದಾಟಿ. ಇದು ದೂರದ ಮಾತಾಯಿತು ಎನ್ನುವವರಿಗೆ ನಮ್ಮ ದೇಶದ ಶಿಕ್ಷಣ ಚರಿತ್ರೆಯಲ್ಲಿ ಹೆಸರಿರುವ ಸರ್ ಫಿಲಿಪ್ ಹಾರ್ಟೋಗ್ ಅವರನ್ನು ನೆನಪಿಸಬಹುದು. ಸೈಮನ್ ಆಯೋಗದ ಭಾಗವಾಗಿ 1929ರಲ್ಲಿ ವರದಿ ಕೊಟ್ಟ ಸಮಿತಿಗೆ ಅವರೇ ಅಧ್ಯಕ್ಷರು. ಪ್ರಾಥಮಿಕ ಶಾಲೆಗೆ ಸೇರಿದ ಮಕ್ಕಳು ಒಂದೇ ತರಗತಿಯಲ್ಲಿ ವರ್ಷಗಟ್ಟಲೆ ಉಳಿಯುವುದನ್ನೂ ನಡುವೆಯೇ ಬಿಟ್ಟುಹೋಗುವುದನ್ನೂ ಆ ವರದಿ ಎತ್ತಿ ತೋರಿಸಿತ್ತು. ಅದೇ ಹಾರ್ಟೋಗ್ 1935ರಲ್ಲಿ ಇ.ಸಿ. ರೋಡ್ಸ್ ಜೊತೆ ಸೇರಿ ಇಂಗ್ಲೆಂಡಿನಲ್ಲಿ ಪರೀಕ್ಷೆಯನ್ನೇ ಪರೀಕ್ಷೆಗೆ ಕೂರಿಸಿದರು. ಇತಿಹಾಸದ 15 ಉತ್ತರಪತ್ರಿಕೆಗಳನ್ನು ನುರಿತ 14 ಪರೀಕ್ಷಕರು ಎರಡು ಬಾರಿ ತಿದ್ದಿದರು. ನಡುವೆ ಒಂದು ವರ್ಷಕ್ಕೂ ಹೆಚ್ಚು ಅಂತರ. ಒಟ್ಟು 210 ತೀರ್ಪುಗಳಲ್ಲಿ 92ರಲ್ಲಿ ಅದೇ ಪರೀಕ್ಷಕ ಅದೇ ಪತ್ರಿಕೆಗೆ ಬೇರೆಯೇ ತೀರ್ಪು ಕೊಟ್ಟಿದ್ದ. ಪಾಸಾದದ್ದು ಫೇಲು, ಫೇಲಾದದ್ದು ಪಾಸು, ಮೇಲ್ದರ್ಜೆಯದು ಕೆಳದರ್ಜೆ. ಬೇರೆಯವರೊಂದಿಗೆ ಹಾಗಿರಲಿ, ತನ್ನೊಂದಿಗೇ ತಾನು ಒಪ್ಪದ ತೀರ್ಪನ್ನು ಪ್ರಶ್ನಿಸಿದ ಮಗುವಿಗೆ ನಾವು ಕೊಟ್ಟ ಹೆಸರು ತರಲೆ.

ಇದೆಲ್ಲ ಮನುಷ್ಯಸಹಜ ಏರುಪೇರು, ಒಮ್ಮೆ ನಷ್ಟವಾದರೆ ಇನ್ನೊಮ್ಮೆ ಲಾಭ, ಕೊನೆಗೆ ಸಮನಾಗುತ್ತದೆ ಎನ್ನಬಹುದು. ಏರುಪೇರು ಕುರುಡಾಗಿದ್ದರೆ ಸಮನಾದೀತು. ಅದಕ್ಕೆ ಕಣ್ಣಿದೆ ಎಂಬುದೇ ತೊಂದರೆ. ರೆಮಾ ಹನ್ನಾ ಮತ್ತು ಲೀ ಲಿಂಡೆನ್ ಎಂಬ ಅರ್ಥಶಾಸ್ತ್ರಜ್ಞರು ಭಾರತದಲ್ಲೇ ಮಕ್ಕಳಿಗೆ ಬಹುಮಾನದ ಪರೀಕ್ಷೆ ನಡೆಸಿ, ಉತ್ತರಪತ್ರಿಕೆಯ ಮೇಲುಹಾಳೆಯಲ್ಲಿ ವಯಸ್ಸು, ಲಿಂಗ, ಜಾತಿಗಳನ್ನು ಚೀಟಿ ಎತ್ತಿದಂತೆ ಯದೃಚ್ಛೆಯಾಗಿ ಬರೆದು ಶಿಕ್ಷಕರಿಗೆ ತಿದ್ದಲು ಕೊಟ್ಟರು. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕೆಳಜಾತಿ ಎಂದು ನಮೂದಾದ ಪತ್ರಿಕೆಗೆ ಮೇಲ್ಜಾತಿಯೆಂದು ನಮೂದಾದ ಪತ್ರಿಕೆಗಿಂತ ಕಡಿಮೆ ಅಂಕ ಬಿದ್ದಿತ್ತು. ಅಂತರ ಚಿಕ್ಕದು, ಆದರೆ ಅದು ಉತ್ತರದಿಂದ ಹುಟ್ಟಿದ್ದಲ್ಲ. ಇಲ್ಲಿ ಎರಡು ಸಂಗತಿ ನನಗೆ ಮುಖ್ಯವೆನಿಸುತ್ತವೆ. ಹಾಗೆ ಕಡಿತ ಮಾಡಿದ್ದು ಹೆಚ್ಚಾಗಿ ಮೇಲ್ಜಾತಿಯ ಶಿಕ್ಷಕರಲ್ಲ, ಕೆಳಜಾತಿಯಿಂದಲೇ ಬಂದ ಶಿಕ್ಷಕರು. ಮೇಷ್ಟರನ್ನು ಖಳನಾಯಕನನ್ನಾಗಿಸುವ ಸುಲಭದ ಕಥೆಗೆ ಇದು ಒಗ್ಗುವುದಿಲ್ಲ, ಒಗ್ಗಬೇಕಾಗಿಯೂ ಇಲ್ಲ. ಎರಡನೆಯದು, ತಾರತಮ್ಯ ಕಂಡದ್ದು ಕಟ್ಟಿನಲ್ಲಿ ಮೊದಲು ತಿದ್ದಿದ ಪತ್ರಿಕೆಗಳಲ್ಲಿ. ಯಾವ ಉತ್ತರಕ್ಕೆ ಎಷ್ಟು ಎಂಬ ಅಳತೆ ಕೈಗೆ ಕೂರುವ ಮುನ್ನ. ಅಳತೆ ಸ್ಪಷ್ಟವಿಲ್ಲದ ಕಡೆ ಮನಸ್ಸು ಆಸರೆಗೆ ಹುಡುಕುವುದು ಮಗುವಿನ ಹಿನ್ನೆಲೆಯನ್ನು. ಇದು ಕೆಟ್ಟ ಶಿಕ್ಷಕರ ಕಥೆಯಲ್ಲ, ಅಳತೆಗೋಲನ್ನೇ ಕೊಡದ ಏರ್ಪಾಡಿನ ಕಥೆ. ಹಳ್ಳಿಯ ಶಾಲೆಯಲ್ಲಿ ಮೇಲುಹಾಳೆಯ ಅಗತ್ಯವೂ ಇಲ್ಲ. ಮಗು ಯಾರ ಮನೆಯದು, ಯಾವ ಕೇರಿಯದು, ಅಪ್ಪ ಯಾವ ಪಕ್ಷದವನು ಎಂಬುದೆಲ್ಲ ಹಾಜರಿ ಕರೆಯುವ ಮುನ್ನವೇ ಗೊತ್ತಿರುತ್ತದೆ.

ಎದುರಿಗಿರುವವರನ್ನು ನೋಡಿ ಅಂಕ ಕೊಡುವುದರ ಈ ಅಪಾಯವನ್ನು ನಮ್ಮ ಸರ್ಕಾರಗಳಾಗಲಿ ನ್ಯಾಯಾಲಯಗಳಾಗಲಿ ಅರಿಯದವೇನಲ್ಲ. 1963ರಲ್ಲಿ ಮೈಸೂರು ಸರ್ಕಾರ ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೆ ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಕಾಲು ಭಾಗದಷ್ಟನ್ನು ಸಂದರ್ಶನಕ್ಕೆ ಇಟ್ಟಿತು. ಪರೀಕ್ಷೆಯಲ್ಲಿ ಮುಂದಿದ್ದು ಸಂದರ್ಶನದಲ್ಲಿ ಹಿಂದೆ ಬಿದ್ದವರು ಹೈಕೋರ್ಟಿಗೆ ಹೋದರು. ಸಂದರ್ಶನ ನಡೆದ ರೀತಿಯನ್ನು ಒಪ್ಪದ ಹೈಕೋರ್ಟು ಹೊಸದಾಗಿ ನಡೆಸಲು ಹೇಳಿತು. ಚಿತ್ರಲೇಖಾ ಪ್ರಕರಣವೆಂದೇ ಹೆಸರಾದ ಇದರಲ್ಲಿ 1964ರಲ್ಲಿ ಸುಪ್ರೀಂ ಕೋರ್ಟು ಸಂದರ್ಶನದ ಪದ್ಧತಿಯನ್ನೇನೋ ಎತ್ತಿಹಿಡಿಯಿತು. ಆದರೆ 1980ರಲ್ಲಿ ಅಜಯ್ ಹಾಸಿಯಾ ಪ್ರಕರಣದ ತೀರ್ಪು ಬರುವಷ್ಟರಲ್ಲಿ ಧಾಟಿ ಬದಲಾಗಿತ್ತು: ಮೂರನೇ ಒಂದು ಪಾಲು ಅಂಕವನ್ನು ಸಂದರ್ಶನಕ್ಕಿಡುವುದು ಮನಬಂದಂತೆ ನಡೆಯಲು ದಾರಿ, ಶೇ 15ಕ್ಕಿಂತ ಹೆಚ್ಚು ಇಡಬಾರದು ಎಂದಿತು ಅದೇ ನ್ಯಾಯಾಲಯ. ಈಗ ನಮ್ಮ ಎಸ್ಸೆಸ್ಸೆಲ್ಸಿಯ 625 ಅಂಕಗಳನ್ನು ಬಿಡಿಸಿ ನೋಡಿ. ಪ್ರಥಮ ಭಾಷೆಯಲ್ಲಿ 25, ಉಳಿದ ಐದು ವಿಷಯಗಳಲ್ಲಿ ತಲಾ 20, ಒಟ್ಟು 125 ಆಂತರಿಕ ಅಂಕ. ಅಂದರೆ ಐದನೇ ಒಂದು ಪಾಲು. ಲಿಖಿತ ಪರೀಕ್ಷೆಯ ಪತ್ರಿಕೆಯ ಮೇಲೆ ಮಗುವಿನ ಹೆಸರಿರುವುದಿಲ್ಲ, ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ತಿದ್ದುವವರು ಮೌಲ್ಯಮಾಪನ ಕೇಂದ್ರದಲ್ಲಿ ಮಾದರಿ ಉತ್ತರ ಮುಂದಿಟ್ಟುಕೊಂಡು ಕೂತ ಅಪರಿಚಿತರು. ಅಷ್ಟಾದ ಮೇಲೂ ಅನುಮಾನ ಬಂದರೆ ಉತ್ತರಪತ್ರಿಕೆಯ ಛಾಯಾಪ್ರತಿ ಪಡೆಯಬಹುದು, ಮರುಎಣಿಕೆ ಕೇಳಬಹುದು, ಮರುಮೌಲ್ಯಮಾಪನ ಕೇಳಬಹುದು. ಮಗುವನ್ನು ಮುಖತಃ ಬಲ್ಲವರು ಕೊಡುವ ಆಂತರಿಕ ಅಂಕಕ್ಕೆ ಇದಾವುದೂ ಇಲ್ಲ. ಶಾಲೆ ಕಳಿಸಿದ್ದೇ ಅಂತಿಮ. ಪಕ್ಷಪಾತ ಕಷ್ಟವಾದ ಕಡೆ ಮೂರು ಬೀಗ, ಸುಲಭವಾದ ಕಡೆ ಬಾಗಿಲೇ ಇಲ್ಲ. ಸಂದರ್ಶನವೂ ವರ್ಷವಿಡೀ ನಡೆಯುವ ಅವಲೋಕನವೂ ಒಂದೇ ಅಲ್ಲ, ನಿಜ. ಅವಲೋಕನ ಹೆಚ್ಚು ಅರ್ಥಪೂರ್ಣವಾಗಬಲ್ಲದು. ಹಾಗಾಗಬೇಕಾದರೆ ಅವಲೋಕಿಸಿದ್ದೇನು ಎಂಬುದನ್ನು ಮಗುವಿಗೆ ಹೇಳಬೇಕಲ್ಲ?

ಇಲ್ಲಿ ಚಾಣಾಕ್ಷ ಓದುಗರು ಒಂದು ಪ್ರಶ್ನೆ ಹಾಕುತ್ತಾರೆ. ಈಗ ಅಂಕ ಕತ್ತರಿಸುವ ಮೇಷ್ಟರೆಲ್ಲಿದ್ದಾರೆ, ಇಪ್ಪತ್ತಕ್ಕೆ ಹದಿನೆಂಟು ಹತ್ತೊಂಬತ್ತು ಸುರಿಯುವವರೇ ಎಲ್ಲ ಕಡೆ ತುಂಬಿರುವಾಗ ಹಳೆಯ ಅನ್ಯಾಯದ ಮಾತೇಕೆ ಎಂದು. ಧಾರಾಳತನ ಹೆಚ್ಚಿರುವುದು ನಿಜ. ಶಾಲೆಯ ಫಲಿತಾಂಶ ಕುಸಿದರೆ ನೋಟಿಸು ಬರುತ್ತದೆಂಬ ಹೆದರಿಕೆಯೂ ಅದರ ಹಿಂದಿದೆ. ಆದರೆ ಕಾರಣ ಹೇಳದೆ ಕೊಟ್ಟ ಹತ್ತೊಂಬತ್ತೂ ಕಾರಣ ಹೇಳದೆ ಕಿತ್ತುಕೊಂಡ ಐದೂ ಒಂದೇ ಅಧಿಕಾರದ ಎರಡು ಮುಖ. ಇಂದು ಉದಾರವಾದದ್ದು ನಾಳೆ ಕೈಬಿಗಿಯಬಹುದು. ಅದೇ ತರಗತಿಯಲ್ಲಿ ಒಬ್ಬನಿಗೆ ಉದಾರ, ಇನ್ನೊಬ್ಬಳಿಗೆ ಬಿಗಿಯಾಗಬಹುದು. ಮಂಡ್ಯ ಜಿಲ್ಲೆಗೆ ಈ ಪಾಠ ಹತ್ತಿರದ್ದೇ. 2023ರ ಎಸ್ಸೆಸ್ಸೆಲ್ಸಿಯಲ್ಲಿ ಶೇ 96.74ರ ಫಲಿತಾಂಶದೊಂದಿಗೆ ಮಂಡ್ಯ ರಾಜ್ಯಕ್ಕೇ ಎರಡನೆಯದು. ಮೊದಲು ಚಿತ್ರದುರ್ಗ, ಮೂರನೆಯದು ಹಾಸನ. ಮರುವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಉಡುಪಿ, ದಕ್ಷಿಣ ಕನ್ನಡ, ಶಿವಮೊಗ್ಗ ಮುಂದೆ ಬಂದವು. ಹಿಂದಿನ ವರ್ಷದ ಮೂರು ಜಿಲ್ಲೆಗಳಲ್ಲಿ ಒಂದೂ ಮೊದಲ ಮೂರರಲ್ಲಿ ಉಳಿಯಲಿಲ್ಲ. ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ, ಅದನ್ನು ಪಡೆಯುವ ಅರ್ಹತೆಯನ್ನು ಶೇ 35ರಿಂದ 25ಕ್ಕೆ ಇಳಿಸಿದ ಮೇಲೆ. ಆ ಕೃಪೆಯ ಬಗ್ಗೆ ಮುಖ್ಯಮಂತ್ರಿಗಳೇ ಬೇಸರ ತೋರಿದ್ದು ಪತ್ರಿಕೆಗಳಲ್ಲಿ ಬಂತು. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಅಷ್ಟು ಇಳಿಯುವುದೂ ಇಲ್ಲ, ಏರುವುದೂ ಇಲ್ಲ. ಅಂಕವೆಂಬುದು ಮಗುವಿನ ಕಲಿಕೆಗಿಂತ ಹೆಚ್ಚಾಗಿ ದೊಡ್ಡವರ ಏರ್ಪಾಡನ್ನು ಅಳೆಯುತ್ತಿತ್ತು ಎಂದು ಒಪ್ಪಿಕೊಳ್ಳಲು ಸಂಕೋಚವೇಕೆ?

ಕಾರಣ ಹೇಳುತ್ತ ಕೂತರೆ ಮೇಷ್ಟರ ಗೌರವ ಉಳಿಯುವುದಿಲ್ಲ, ತಂದೆತಾಯಿ ಜಗಳಕ್ಕೆ ಬರುತ್ತಾರೆ, ಪಾಠ ಮಾಡಲು ಹೊತ್ತಿರುವುದಿಲ್ಲ. ಇದು ಶಿಕ್ಷಕರ ಕಡೆಯ ಮಾತು, ಹಗುರವಾದದ್ದಲ್ಲ. ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆ, ಆ್ಯಪ್‌ಗಳಿಗೆ ಮಾಹಿತಿ ತುಂಬುವ ಕೆಲಸ ಇವೆಲ್ಲದರ ನಡುವೆ ಪತ್ರಿಕೆ ತಿದ್ದುವವರಿಗೆ ಇನ್ನೊಂದು ಹೊರೆ ಹೊರಿಸುವಾಗ ಯೋಚಿಸಬೇಕು. ಆದರೆ ಗೌರವದ ವಾದಕ್ಕೆ ಹಿಂದೆಯೇ ಉತ್ತರ ಸಿಕ್ಕಿದೆ. ಉತ್ತರಪತ್ರಿಕೆ ನೋಡುವ ಹಕ್ಕು ವಿದ್ಯಾರ್ಥಿಗಿಲ್ಲ ಎಂದು 1984ರಲ್ಲಿ ಮಹಾರಾಷ್ಟ್ರದ ಪರೀಕ್ಷಾ ಮಂಡಳಿಯ ಪ್ರಕರಣದಲ್ಲಿ ಹೇಳಿದ್ದ ಸುಪ್ರೀಂ ಕೋರ್ಟು, 2011ರ ಆಗಸ್ಟಿನಲ್ಲಿ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಮಾಹಿತಿ ಹಕ್ಕಿನಡಿ ಅದನ್ನು ತೋರಿಸಲೇಬೇಕು, ತಿದ್ದಿದವರ ಹೆಸರು ಗುಟ್ಟಾಗಿದ್ದರೆ ಸಾಕು ಎಂದಿತು. ತೋರಿಸತೊಡಗಿದ ಮೇಲೆ ಯಾವ ಮಂಡಳಿಯೂ ಮುಳುಗಲಿಲ್ಲ. ಮಕ್ಕಳ ಮಟ್ಟಕ್ಕೆ ಬಂದರೆ, ನಮ್ಮ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ, ಮೂರನೇ ತರಗತಿಯವರೆಗಿನ ನಲಿ-ಕಲಿ ಪದ್ಧತಿ ಇದೆ. ಅಲ್ಲಿ ಆರು ವರ್ಷದ ಮಗುವಿಗೂ ತಾನು ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿದ್ದೇನೆ, ಮುಂದಿನ ಕಾರ್ಡು ಯಾವುದು, ಅದಕ್ಕೆ ಏನು ಬರಬೇಕು ಎಂಬುದು ಗೋಡೆಯ ಮೇಲೇ ಕಾಣುತ್ತದೆ. ನಲಿ-ಕಲಿಯ ಮೇಲೆ ಬೇರೆ ದೂರುಗಳಿವೆ, ಆದರೆ ಅದರಿಂದ ಮೇಷ್ಟರ ಮರ್ಯಾದೆ ಹೋಯಿತೆಂದು ಯಾರೂ ದೂರಿಲ್ಲ. ವಿಚಿತ್ರವೆಂದರೆ ನಾಲ್ಕನೇ ತರಗತಿಗೆ ಕಾಲಿಟ್ಟೊಡನೆ ಅದೇ ಮಗುವಿಗೆ ಅಳತೆಗೋಲು ಗುಟ್ಟಿನ ವಸ್ತುವಾಗುತ್ತದೆ. ಹೊತ್ತಿನ ವಿಷಯಕ್ಕೆ ಬಂದರೆ, ಕೇಳುತ್ತಿರುವುದು ಪ್ರತಿ ಪ್ರಶ್ನೆಗೂ ವ್ಯಾಖ್ಯಾನವಲ್ಲ. ರೂಪಣಾತ್ಮಕ, ಸಂಕಲನಾತ್ಮಕ ಮೌಲ್ಯಮಾಪನದ ತಿದ್ದಿದ ಪತ್ರಿಕೆಗಳನ್ನು ಮಗುವಿನ ಕೈಗೆ ಕೊಡುವುದು, ಅಂಕ ಹಂಚಿಕೆಯನ್ನು ಕಪ್ಪುಹಲಗೆಯ ಮೇಲೆ ಬರೆಯುವುದು, ವರ್ಷಕ್ಕೊಮ್ಮೆಯಾದರೂ ಕ್ಲಸ್ಟರಿನ ಎರಡು ಶಾಲೆಗಳ ಒಂದು ಕಟ್ಟು ಪತ್ರಿಕೆಗಳನ್ನು ಅದಲುಬದಲು ಮಾಡಿ ತಿದ್ದಿಸುವುದು. ಇದಕ್ಕೆ ಹೊಸ ಹುದ್ದೆಯೂ ಬೇಡ, ಹೊಸ ಆ್ಯಪ್ ಅಂತೂ ಬೇಡವೇ ಬೇಡ.

ಅನ್ಯಾಯ ಉಂಡವನೇ ಗಟ್ಟಿಯಾಗುತ್ತಾನೆ, ಮುಂದೆ ಬದುಕೂ ಹೀಗೇ ಎಂದು ಕೊನೆಯಲ್ಲಿ ಬರುವ ವಾದ ಕೇಳಲು ಚೆಂದ. ಇಸ್ರೇಲಿನ ವಿಕ್ಟರ್ ಲಾವಿ ಮತ್ತು ಎಡಿತ್ ಸ್ಯಾಂಡ್ ಟೆಲ್ ಅವೀವಿನ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಅವರದೇ ಶಿಕ್ಷಕರು ಕೊಟ್ಟ ಅಂಕವನ್ನು, ಹೆಸರು ಕಾಣದ ಹೊರಗಿನ ಪರೀಕ್ಷಕರು ಕೊಟ್ಟ ಅಂಕದೊಂದಿಗೆ ಹೋಲಿಸಿದರು. ಗಣಿತದಲ್ಲಿ ಹುಡುಗರ ಕಡೆ ವಾಲುತ್ತಿದ್ದ ಶಿಕ್ಷಕರ ಕೈಯಲ್ಲಿ ಕಲಿತ ಹುಡುಗಿಯರು ವರ್ಷಗಳ ನಂತರ ಹೈಸ್ಕೂಲಿನಲ್ಲಿ ಮೇಲ್ಮಟ್ಟದ ಗಣಿತವನ್ನು ಆಯ್ದುಕೊಳ್ಳುವುದು ಕಡಿಮೆಯಾಗಿತ್ತು. ಅವರು ಗಟ್ಟಿಯಾಗಲಿಲ್ಲ, ದಾರಿ ಬದಲಿಸಿದರು. ನಾಗಮಂಗಲದಂಥ ತಾಲ್ಲೂಕಿನಲ್ಲಿ ದಾರಿ ಬದಲಿಸುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರುಂಡ ಪಾಂಡವಪುರ, ಶ್ರೀರಂಗಪಟ್ಟಣದ ಗದ್ದೆಬಯಲಿನಂತೆ ಇಲ್ಲಿ ಬಹುತೇಕರಿಗೆ ಬೆನ್ನಿಗೊಂದು ಕಬ್ಬಿನ ಗದ್ದೆಯಿಲ್ಲ. ಮಳೆ, ಕೆರೆ, ಕೊಳವೆಬಾವಿ ನಂಬಿದ ರಾಗಿಯ ಹೊಲ, ಅದು ಕೈಕೊಟ್ಟರೆ ಬೆಂಗಳೂರಿನ ಬಸ್ಸು. ಎಂಟರಲ್ಲೋ ಒಂಬತ್ತರಲ್ಲೋ ನಿನಗೆ ಲೆಕ್ಕ ಹತ್ತುವುದಿಲ್ಲ ಎಂಬ ತೀರ್ಪು ಪಡೆದು ಹೊರಟ ಹುಡುಗನಿಗೆ ಅದು ಅವತ್ತಿನ ಮೂರು ಅಂಕದ ಮಾತಾಗಿ ಉಳಿಯುವುದಿಲ್ಲ. ತನಗೆ ಹತ್ತುವುದಿಲ್ಲವೆಂದು ಅವನೂ ನಂಬಿರುತ್ತಾನೆ. ಅವನು ದೂರು ಹೇಳುವುದಿಲ್ಲ. ದೂರು ಹೇಳಬೇಕಾದರೂ ತಾನು ಸರಿಯಿದ್ದೆ ಎಂಬ ಧೈರ್ಯ ಬೇಕು. ಹಳೆಯ ಅಂಕದ ಅನ್ಯಾಯವನ್ನು ಇಂದಿಗೂ ಎತ್ತಿ ಹೇಳುವವರು ಆ ಧೈರ್ಯ ಉಳಿಸಿಕೊಂಡ ಕೆಲವರು. ಅವರನ್ನು ಮುನಿಸಿನವರೆಂದು ಕೂರಿಸಿದರೆ ಮಾತೇ ಆಡದ ಉಳಿದವರ ಬಗ್ಗೆ ತಿಳಿಯಲು ನಮಗೆ ಬೇರೆ ದಾರಿಯಿಲ್ಲ.

ಗುರುವಿನ ಗೌರವಕ್ಕೆ ಇದರಿಂದ ಕುಂದು ಎನ್ನುವವರು ಒಳ್ಳೆಯ ಮೇಷ್ಟರ ಬಗ್ಗೆಯೂ ಸ್ವಲ್ಪ ಯೋಚಿಸಲಿ. ರಾತ್ರಿ ಕೂತು ಪ್ರತಿ ಪತ್ರಿಕೆಯ ಹೆಸರಿನ ಪುಟ ಮಡಿಚಿ ತಿದ್ದಿದವರಿದ್ದರು, ಎಣಿಕೆ ತಪ್ಪಿದ್ದನ್ನು ತರಗತಿಯ ಮುಂದೆ ಒಪ್ಪಿ ಸರಿಪಡಿಸಿದವರಿದ್ದರು, ತಮ್ಮ ಮಗನೇ ತರಗತಿಯಲ್ಲಿದ್ದಾಗ ಅವನ ಪತ್ರಿಕೆಯನ್ನು ಬೇರೆಯವರಿಗೆ ಕೊಟ್ಟವರಿದ್ದರು. ಇಂಥವರ ಹೆಸರನ್ನು ಇದಕ್ಕಾಗಿಯೇ ಎತ್ತಿ ಹೊಗಳಿದ ಗುರುವಂದನೆಯ ಭಾಷಣ ಅಪರೂಪ. ಹೊಗಳಬೇಕಾದರೆ ಹಾಗೆ ಮಾಡದವರೂ ಇದ್ದರೆಂದು ಒಪ್ಪಬೇಕಾಗುತ್ತದೆ. ಅದನ್ನು ಒಪ್ಪದ ವೇದಿಕೆ ಇಬ್ಬರಿಗೂ ಒಂದೇ ಅಳತೆಯ ಪೇಟ ತೊಡಿಸಿ ಕಳಿಸುತ್ತದೆ, ಮತ್ತು ಅದನ್ನೇ ನ್ಯಾಯವೆಂದುಕೊಳ್ಳುತ್ತದೆ.